ಪಿನ್ನೇಟ್ ಎಲೆಗೆ ‘ಗರಿಯೆಲೆ’ ಇರುವಾಗ ಪಿಚ್ಛಾಕಾರ ಯಾಕೆ?

ಮೇಡಂ,

ಮಂಡ್ಯದ ಶಾಲೆಯ ಮರಗಳ ಬೋರ್ಡಿಗೆ ಎಲೆಗಳ ಕನ್ನಡ ಪದ ಕೇಳಿದ್ದೀರಿ, ಸೋಮವಾರ ಪೇಂಟರ್ ಬರುತ್ತಾರೆ ಅಂದಿದ್ದೀರಿ, ಹಾಗಾಗಿ ಮೊದಲು ಪದಗಳು: ಪಿನ್ನೇಟ್‌ಗೆ ಗರಿಯೆಲೆ (ನಡುದಂಟಿನ ಎರಡೂ ಬದಿಗೆ ಕಿರುಎಲೆಗಳಿರುವುದು), ಪಾಮೇಟ್‌ಗೆ ಅಂಗೈಯೆಲೆ (ಕಿರುಎಲೆಗಳು ಒಂದೇ ಕಡೆಯಿಂದ ಬೆರಳಿನಂತೆ ಹರಡಿರುವುದು), ಪೆಟಿಯೋಲ್‌ಗೆ ಎಲೆತೊಟ್ಟು. ಬೋರ್ಡಿಗೆ ಇಷ್ಟು ಸಾಕು.

ನಿನ್ನೆ ಒಬ್ಬರು ಸೂಚಿಸಿದ ‘ಪಿಚ್ಛಾಕಾರ’ ಬೇಡವೇ ಬೇಡ. ಲ್ಯಾಟಿನ್ನಿನ ಪಿನ್ನ ಅಂದರೆ ಗರಿ, ಸಂಸ್ಕೃತದ ಪಿಚ್ಛವೂ ಗರಿಯೇ. ನಮ್ಮಲ್ಲಿ ಹಕ್ಕಿಯದೂ ಗರಿ, ತೆಂಗಿನದೂ ಗರಿ. ಸಸ್ಯಶಾಸ್ತ್ರ ಲ್ಯಾಟಿನ್ನಿನಲ್ಲಿ ಮಾಡಿಕೊಂಡ ಹೋಲಿಕೆ, ಚಪ್ಪರಕ್ಕೆ ಗರಿ ಹೆಣೆಯುವವರ ಬಾಯಲ್ಲಿ ಆಗಲೇ ಇದೆ. ತೆಂಗಿನ ಎಲೆ ಶಾಸ್ತ್ರದ ಲೆಕ್ಕದಲ್ಲೂ ಪಿನ್ನೇಟೇ. ಕೈಯಲ್ಲಿರುವ ಮಾತನ್ನು ಬಿಟ್ಟು ಮಕ್ಕಳಿಗೆ ಒತ್ತಕ್ಷರ ಉರುಹೊಡೆಸುವುದು ಯಾವ ನ್ಯಾಯ?

ನಿಮ್ಮ ಪಟ್ಟಿಯ ಹುಣಸೆ, ಹೊಂಗೆ ಎರಡೂ ಗರಿಯೆಲೆಯವು. ಹುಣಸೆಯ ಕಿರುಎಲೆಗಳು ಜೋಡಿಜೋಡಿಯಾಗಿಯೇ ಮುಗಿಯುತ್ತವೆ, ಹೊಂಗೆಯಲ್ಲಿ ತುದಿಗೆ ಒಂಟಿ ಎಲೆ ಉಳಿಯುತ್ತದೆ. ಒಂದಕ್ಕೆ ಸಮಗರಿ, ಇನ್ನೊಂದಕ್ಕೆ ಬೆಸಗರಿ ಅನ್ನಿ. ಗುಲ್‌ಮೊಹರ್‌ನಲ್ಲಿ ಗರಿಯೇ ಮತ್ತೆ ಗರಿಯಾಗಿ ಒಡೆದಿರುತ್ತದೆ, ಅದು ಇಮ್ಮಡಿ ಗರಿಯೆಲೆ. ಬೂರುಗದ್ದು ಅಂಗೈಯೆಲೆ. ಹರಳು ಗಿಡವನ್ನು ಮಾತ್ರ ಅದರ ಜೊತೆ ಸೇರಿಸಬೇಡಿ. ಅದು ಒಂದೇ ಎಲೆ, ಅಂಗೈಯಂತೆ ಸೀಳಿದೆ ಅಷ್ಟೆ.

ಎಲೆ ಯಾವುದು, ಕಿರುಎಲೆ ಯಾವುದು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ತೊಟ್ಟು ಕೊಂಬೆಗೆ ಸೇರುವ ಕಂಕುಳಲ್ಲಿ ಮೊಗ್ಗಿದ್ದರೆ ಅದು ಪೂರ್ತಿ ಎಲೆ. ಕಿರುಎಲೆಯ ಬುಡದಲ್ಲಿ ಮೊಗ್ಗಿರದು. ಇಂಗ್ಲಿಷಿನವರ ಆಕ್ಸಿಲ್ ಕೂಡ ಲ್ಯಾಟಿನ್ನಿನ ಕಂಕುಳೇ. ಕಬ್ಬಿನ ಗಿಣ್ಣಿನಲ್ಲಿರುವ ಆ ಮೊಗ್ಗಿಗೆ ನಮ್ಮ ರೈತರು ‘ಕಣ್ಣು’ ಅನ್ನುತ್ತಾರೆ, ಮೂರು ಕಣ್ಣಿನ ತುಂಡು ನೋಡಿ ನೆಡುತ್ತಾರೆ. ಕಬ್ಬಿನ ಸೀಮೆಯ ಮಗುವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

‘ತೊಟ್ಟು ಹೂವಿಗೂ ಕಾಯಿಗೂ ಇದೆಯಲ್ಲ, ಗೊಂದಲವಾಗುತ್ತದೆ, ಎಲೆತೊಟ್ಟಿಗೆ ಸಂಸ್ಕೃತದ ಪರ್ಣವೃಂತವೇ ಖಚಿತ’ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಎಲೆತೊಟ್ಟು, ಹೂತೊಟ್ಟು ಅಂದರೆ ಮುಗಿಯಿತು. ಮೈಸೂರು ಚಿಗುರೆಲೆಯ ತೊಟ್ಟು ಮುರಿದು ಸುಣ್ಣ ಸವರುವವರು ಯಾರೂ ವೃಂತ ಮುರಿಯುವುದಿಲ್ಲ.

ಇದನ್ನೇ ಹಿಡಿದುಕೊಂಡು ಹೂವಿನ ಗಂಡು, ಹೆಣ್ಣು ಭಾಗಗಳ ಹೆಸರಾದ ಕೇಸರ, ಶಲಾಕೆಗಳನ್ನೂ ಕಿತ್ತೆಸೆಯಿರಿ ಎನ್ನುವವರ ಜೊತೆಗೂ ನಾನಿಲ್ಲ. ಪಠ್ಯದಲ್ಲಿ ಬೇರೂರಿದ ಮಾತುಗಳವು, ಅವಕ್ಕೆ ಸಮನಾದ ಬಳಕೆಮಾತು ನನ್ನ ಕಿವಿಗೆ ಬಿದ್ದಿಲ್ಲ. ಗರಿ ಹೊತ್ತ ‘ಹಕ್ಕಿ’ಯೇ ‘ಪಕ್ಷಿ’ಯ ತದ್ಭವ, ಅದನ್ನು ಯಾರು ಹೊರಗಿನದು ಎನ್ನುತ್ತಾರೆ? ಎರವಲು ತಪ್ಪಲ್ಲ. ಮನೆಯಲ್ಲೇ ಇರುವುದನ್ನು ಎರವಲು ತರುವುದನ್ನು ನಾನು ವಿರೋಧಿಸುತ್ತೇನೆ.

ಪೇಂಟರ್‌ಗೆ ಒಂದು ಮಾತು ಹೇಳಿ: ‘ಗರಿಯೆಲೆ’ ಕೂಡಿಸಿಯೇ ಬರೆಯಲಿ. ‘ಗರಿ ಎಲೆ’ ಎಂದು ಬಿಡಿಸಿದರೆ ಮಕ್ಕಳು ಎರಡು ವಸ್ತು ಹುಡುಕುತ್ತಾರೆ.