ತಾರೆಯ ಅರ್ಥ ನಾನು ಬರೆದು ಕೊಡುವುದಿಲ್ಲ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ನನಗೆ ರಾತ್ರಿಯಾಗುತ್ತದೆ. ಬಾಯಲ್ಲೇ ಹೇಳಿಬಿಡುತ್ತೇನೆ, ಫೋನೇ ಬರೆದುಕೊಳ್ಳಲಿ. ಉದ್ದ ಆದರೆ ಗ್ರೂಪಿನವರು ಯಾರೂ ಬೈಯಬೇಡಿ.

ಡಿಸೆಂಬರ್ ರಜೆಯಲ್ಲಿ ಹಿರಿಯರ ತರವಾಡು ಮನೆಯಲ್ಲಿ ಎಲ್ಲರೂ ಸೇರುವಾಗ ಒಂದು ತಾಳಮದ್ದಳೆ, ಅಂದರೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ಇಟ್ಟುಕೊಳ್ಳೋಣ, ರಾಮಾಯಣದ ವಾಲಿಮೋಕ್ಷ ಪ್ರಸಂಗ, ವಾಲಿಯ ಹೆಂಡತಿ ತಾರೆಯ ಅರ್ಥ, ಅಂದರೆ ಅವಳ ಮಾತು, ನೀನು ಹೇಳು ಅಂತ ನಿನ್ನ ಪುತ್ತೂರು ಭಾವ ಕೇಳಿದ. ಅದಕ್ಕೆ ನೀನು ಹಾಕಿದ ಪಟ್ಟಿ ನೋಡಿದೆನಲ್ಲ. ಪುರಾಣ ಓದಿಲ್ಲ, ನನ್ನದು ಬೆಂಗಳೂರು ಕನ್ನಡ, ಆಫೀಸಿನಿಂದ ಪುರುಸೊತ್ತಿಲ್ಲ, ಎಲ್ಲರ ಎದುರು ಮಾತು ನಿಂತುಹೋದರೆ ಏನು ಗತಿ. ಕೊನೆಗೆ ಒಂದು ಸಾಲು: ದೊಡ್ಡಮ್ಮ ಪೂರ್ತಿ ಬರೆದು ಕೊಟ್ಟರೆ ಬಾಯಿಪಾಠ ಮಾಡಿಕೊಂಡು ಬರುತ್ತೇನೆ.

ಬರೆದು ಕೊಡುವುದಿಲ್ಲ. ಕೋಪದಿಂದ ಹೇಳುತ್ತಿಲ್ಲ ಮಾರಾಯ್ತಿ, ಕಾರಣ ಇದೆ.

ತಾಳಮದ್ದಳೆಯಲ್ಲಿ ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಅದು ಹಾಡುವ ಭಾಗವತರ ಪಾಲಿಗೆ. ಮಾತು ಎಲ್ಲೂ ಬರೆದಿಟ್ಟಿಲ್ಲ. ಪದ್ಯ ಮುಗಿದ ಮೇಲೆ ಪಾತ್ರದ ಮಾತು ಹೇಳುವ ಅರ್ಥಧಾರಿ ಅಲ್ಲೇ ಕೂತು ಹುಟ್ಟಿಸಬೇಕು. ನೀನು ಬಾಯಿಪಾಠ ಮಾಡಿಕೊಂಡು ಬಂದೆ ಅಂತಿಟ್ಟುಕೋ. ಎದುರು ಕೂತ ವಾಲಿ ನಿನ್ನ ಮೂರನೇ ವಾಕ್ಯಕ್ಕೇ ಬಾಯಿ ಹಾಕಿ, "ಗಂಡನ ತೋಳಿನ ಬಲದ ಮೇಲೆ ನಿನಗೆ ಸಂಶಯವೇ?" ಅಂತ ಕೇಳಿದರೆ ನಿನ್ನ ಕಾಗದದಲ್ಲಿ ಅದಕ್ಕೆ ಉತ್ತರ ಇರುತ್ತದಾ? ಇರುವುದಿಲ್ಲ. ಅಲ್ಲಿಗೆ ಮಾತು ನಿಂತಿತು. ಯಾವುದಕ್ಕೆ ಹೆದರುತ್ತಿದ್ದೀಯೋ ಅದನ್ನು ಬಾಯಿಪಾಠವೇ ತಂದುಕೊಡುತ್ತದೆ. ನಮ್ಮ ಮಹಿಳಾ ತಾಳಮದ್ದಳೆ ಕೂಟಕ್ಕೆ ಹೊಸದಾಗಿ ಬರುವವರಲ್ಲಿ ಇದನ್ನು ನಾನು ಜಾಸ್ತಿ ನೋಡಿದ್ದೇನೆ. ಬರೆದುಕೊಂಡು ಬಂದವರೇ ತಡವರಿಸುವುದು. ಎದುರಿನವರ ಮಾತು ಕೇಳಿಸಿಕೊಳ್ಳುವವರು ಹೇಗೋ ದಾಟಿಬಿಡುತ್ತಾರೆ.

ಈಗ ತಾರೆಯ ಜಾಗದಲ್ಲಿ ಕೂತು ನೋಡು. ಸುಗ್ರೀವ ಒಮ್ಮೆ ಬಂದ, ಪೆಟ್ಟು ತಿಂದ, ಋಷ್ಯಮೂಕ ಬೆಟ್ಟಕ್ಕೆ ಓಡಿದ. ಅಣ್ಣತಮ್ಮಂದಿರು ನೋಡಲು ಒಂದೇ ಥರ ಇದ್ದದ್ದರಿಂದ ರಾಮನಿಗೆ ಬಾಣ ಬಿಡಲು ಆಗಲಿಲ್ಲ. ಆಮೇಲೆ ಗುರುತಿಗೆ ಕೊರಳಿಗೊಂದು ಹೂಬಳ್ಳಿ ಕಟ್ಟಿಸಿಕೊಂಡು ಸುಗ್ರೀವ ಮತ್ತೆ ಬಂದು ಬಾಗಿಲಲ್ಲಿ ಬೊಬ್ಬೆ ಹೊಡೆಯುತ್ತಾನೆ. ವಾಲಿ ಎದ್ದು ಹೊರಟ. ಆಗ ತಾರೆ ತಡೆಯುತ್ತಾಳೆ. ಅವಳು ಹೇಳುವುದು ಏನು? ಈಗಷ್ಟೇ ಏಟು ತಿಂದು ಓಡಿದವನು ಇಷ್ಟು ಬೇಗ ಮರಳಿ ಬರಬೇಕಾದರೆ ಬೆನ್ನಿಗೆ ಯಾರೋ ಇದ್ದಾರೆ. ಮಗ ಅಂಗದನಿಗೆ ಗೂಢಚಾರರು ಸುದ್ದಿ ತಂದಿದ್ದಾರೆ, ಅಯೋಧ್ಯೆಯ ಇಬ್ಬರು ರಾಜಕುಮಾರರು ಸುಗ್ರೀವನ ಕಡೆ ಸೇರಿದ್ದಾರೆ. ತಮ್ಮನನ್ನು ಕರೆದು ಯುವರಾಜ ಪಟ್ಟ ಕಟ್ಟು, ಜಗಳ ಮುಗಿಸು. ಇಷ್ಟೇ. ವಾಲಿ ಏನೆನ್ನುತ್ತಾನೆ? ರಾಮ ಧರ್ಮ ಬಲ್ಲವನು, ಅವನು ಯಾಕೆ ಪಾಪ ಮಾಡುತ್ತಾನೆ, ಸುಗ್ರೀವನನ್ನು ನಾನು ಕೊಲ್ಲುವುದಿಲ್ಲ, ಸೊಕ್ಕು ಇಳಿಸಿ ಕಳಿಸುತ್ತೇನೆ ಅಂತ ಸಮಾಧಾನ ಹೇಳಿ ಹೋಗುತ್ತಾನೆ.

ಪುರಾಣ ಓದಿಲ್ಲ ಅಂದೆಯಲ್ಲ, ಈ ಸಂದರ್ಭಕ್ಕೆ ಬೇಕಾದ ಪುರಾಣ ಇಷ್ಟೇ. ಇದರ ಒಳಗೆ ನಿನ್ನದು ಅಂತ ಹಾಕಲು ಎಷ್ಟು ಜಾಗ ಇದೆ ನೋಡು. ಆ ಸುದ್ದಿ ತಾರೆಗೆ ಮೊದಲೇ ಗೊತ್ತಿದ್ದರೆ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ? ಹೇಳಿದರೆ ಗಂಡನಿಗೆ ಅವಮಾನ ಅಂತ ಸುಮ್ಮನಿದ್ದಳಾ? ತಾನು ಹೇಳುವುದು ಸರಿ ಅಂತ ಗೊತ್ತಿದ್ದೂ ಎದುರಿನವನು ಕೇಳುವುದಿಲ್ಲ ಅನ್ನುವುದೂ ಗೊತ್ತಿರುವ ಹೆಂಗಸು ಹೇಗೆ ಮಾತು ಶುರು ಮಾಡುತ್ತಾಳೆ? ಆಫೀಸಿನ ಮೀಟಿಂಗಿನಲ್ಲಿ ನಿನಗೆ ಇದು ಆಗಿಲ್ಲ ಅಂತ ಮಾತ್ರ ಹೇಳಬೇಡ. ಇದನ್ನು ನಾನು ಬರೆದು ಕೊಟ್ಟರೆ ಬರುವುದು ಅರುವತ್ತು ದಾಟಿದ ನನ್ನ ತಾರೆ. ನನಗೆ ಕೇಳಬೇಕಾಗಿರುವುದು ನಿನ್ನ ತಾರೆ.

ಕನ್ನಡದ ಭಯ ಮಾತ್ರ ಸುಳ್ಳಲ್ಲ, ಒಪ್ಪುತ್ತೇನೆ. ಕೂಟದಲ್ಲಿ ಇಂಗ್ಲಿಷ್ ಪದ ಬರಬಾರದು. ಆದರೆ ಅದಕ್ಕೆ ಬದಲಾಗಿ ಸಂಸ್ಕೃತದ ರಾಶಿ ಹಾಕಬೇಕು ಅಂತ ಯಾರು ಹೇಳಿದರು? "ಹೋಗಬೇಡ" ಅನ್ನುವುದಕ್ಕಿಂತ ದೊಡ್ಡ ಮಾತು ತಾರೆಗೆ ಬೇಕಿಲ್ಲ. ಬಾಯಿ ತಪ್ಪಿ "ಓಕೆ" ಅಂದರೆ ಭಾವ ಅದನ್ನೇ ಹಿಡಿದು ನಗಿಸುತ್ತಾನೆ, ಅವನಿಗೆ ಅಂಥದ್ದೇ ಬೇಕು. ಪ್ರಸಂಗ ಅಲ್ಲಿಗೆ ನಿಲ್ಲುವುದಿಲ್ಲ.

ಮಾತು ನಿಂತರೆ ಅಂತ ಕೇಳಿದೆ. ಎರಡು ದಾರಿ ಇದೆ. ವಾಲಿಗೆ ಒಂದು ಪ್ರಶ್ನೆ ಹಾಕು. ಅವನು ಉತ್ತರ ಕೊಡುವಷ್ಟು ಹೊತ್ತು ನಿನಗೆ ಉಸಿರು, ಅವನ ಉತ್ತರದಲ್ಲೇ ನಿನ್ನ ಮುಂದಿನ ಮಾತೂ ಇರುತ್ತದೆ. ಇಲ್ಲವಾದರೆ ಭಾಗವತರಿಗೆ ಎತ್ತುಗಡೆ, ಅಂದರೆ ಹಾಡು ಎತ್ತುವ ಸೂಚನೆ, ಕೊಟ್ಟುಬಿಡು, ಅವರು ಮುಂದಿನ ಪದ್ಯಕ್ಕೆ ಹೋಗುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಒಬ್ಬಳೇ ಭಾಷಣ ಮಾಡುವುದಕ್ಕಿಂತ ಇದು ಎಷ್ಟೋ ಸುಲಭ.

ಪುರುಸೊತ್ತಿನ ವಿಷಯ ಬಿಡು. ಅದನ್ನು ನೀನೂ ನಂಬಿಲ್ಲ.

ಆಮೇಲೆ, ಯೂಟ್ಯೂಬಿನಲ್ಲಿ ಹೆಸರಾಂತ ಅರ್ಥಧಾರಿ ಶೇಣಿಯವರ ಅರ್ಥ ಕೇಳಿ ಇನ್ನೂ ಹೆದರಿಕೆ ಆಯಿತು ಅಂತ ನಿನ್ನ ಅಮ್ಮ ಹೇಳಿದಳು. ಶೇಣಿ ಗೋಪಾಲಕೃಷ್ಣ ಭಟ್ಟರು ಹುಟ್ಟಿದ್ದು 1918ರಲ್ಲಿ. ನಮ್ಮ ಮನೆಗಳಿಗೆ ಕ್ಯಾಸೆಟ್ ಬಂದದ್ದು 80ರ ದಶಕದಲ್ಲಿ. ಅಂದರೆ ಆ ಧ್ವನಿಮುದ್ರಣಗಳಲ್ಲಿ ಮಾತಾಡುತ್ತಿರುವವರಿಗೆ ಅರುವತ್ತು ದಾಟಿತ್ತು, ದಶಕಗಟ್ಟಲೆ ಕೂಟ ಆಗಿತ್ತು. ಅವರ ಮೊದಲ ಕೂಟ ಯಾರ ಫೋನಿನಲ್ಲೂ ಇಲ್ಲ. ಕೇಳು, ಖಂಡಿತ ಕೇಳು, ಆದರೆ ಡಿಸೆಂಬರ್ ಮುಗಿದ ಮೇಲೆ. ಈಗ ಕೇಳಿದರೆ ನಕಲು ಮಾಡುತ್ತೀ, ಇಲ್ಲವೇ ಬಾಯಿ ಮುಚ್ಚುತ್ತೀ.

ಒಂದ್ನಿಮಿಷ, ಕುಕ್ಕರ್ ಕೂಗಿತು... ಹಾಂ, ಬಂದೆ.

ಮಾಡಬೇಕಾದ್ದು ಹೇಳುತ್ತೇನೆ. ತಾರೆಯ ಪದ್ಯಗಳ ಫೋಟೋ ತೆಗೆದು ಇಲ್ಲಿಗೇ ಹಾಕುತ್ತೇನೆ. ಮೊದಲು ಒಂದೇ ಪದ್ಯ ತಗೋ. ಅರ್ಥ ಬರೆಯಬೇಡ, ಜೋರಾಗಿ ಹೇಳು. ಪಾತ್ರೆ ತೊಳೆಯುವಾಗ ಹೇಳು, ಮಗು ನಕ್ಕರೆ ನಗಲಿ. ನೆನಪಿಗೆ ಬೇಕಿದ್ದರೆ ಚೀಟಿಯಲ್ಲಿ ಮೂರು ಪದ ಸಾಕು: ಬೇಗ ಬಂದ, ಅಂಗದನ ಸುದ್ದಿ, ಯುವರಾಜ ಪಟ್ಟ. ಶನಿವಾರ ಊಟ ಆದ ಮೇಲೆ ನನಗೆ ಫೋನ್ ಮಾಡು, ಭಾವನನ್ನೂ ಸೇರಿಸಿಕೊಳ್ಳುತ್ತೇನೆ. ಅವನು ವಾಲಿಯಾಗಿ ಯುದ್ಧಕ್ಕೆ ಹೊರಡುತ್ತಾನೆ, ನೀನು ತಡೆಯಬೇಕು. ಚೆನ್ನಾಗಿ ಹೇಳಿದೆಯಾ ಇಲ್ಲವಾ ಅಂತ ನಾನು ನೋಡುವುದಿಲ್ಲ, ಅವನು ಒಂದು ಕ್ಷಣವಾದರೂ ಬಾಗಿಲಲ್ಲಿ ನಿಂತನಾ ಅಂತ ಮಾತ್ರ ನೋಡುತ್ತೇನೆ.

ಮತ್ತೆ ಅವಳ ಮೆಸೇಜಿಗೆ ನಗುವ ಮುಖ ಹಾಕಿದ ಗಂಡಸರೇ, ಸುಗ್ರೀವನ ಅರ್ಥಕ್ಕೆ ಇನ್ನೂ ಜನ ಆಗಿಲ್ಲ. ಯಾರು ಹೇಳುತ್ತೀರಿ?