ಗಂಧದೆಣ್ಣೆ ಕಾಗದದ ಮೇಲೆ ಕಲೆ ಉಳಿಸಿದರೆ ಕಲಬೆರಕೆಯೇ?

ಪರಿಮಳಪ್ರಿಯ: ಗಂಧದೆಣ್ಣೆ ಅಸಲಿಯೋ ನಕಲಿಯೋ ತಿಳಿಯೋಕೆ ಲ್ಯಾಬ್ ಯಾಕೆ? ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ಬಿಟ್ಟು ಮರುದಿನ ನೋಡಿ. ಜಿಡ್ಡಿನ ಕಲೆ ಇದ್ದರೆ ಹರಳೆಣ್ಣೆ ಬೆರೆಸಿದ್ದಾರೆ, ಮುಗೀತು.

ಬಟ್ಟಿಮನೆ: ಮರುದಿನವಂತೆ! ನಿಂಬೆಹುಲ್ಲಿನ ಎಣ್ಣೆಗಾದರೆ ಸರಿ. ಗಂಧದೆಣ್ಣೆಯ ಮುಖ್ಯ ಘಟಕ ಸ್ಯಾಂಟಲಾಲ್ ಕುದಿಯೋದೇ 300 ಡಿಗ್ರಿ ಆಸುಪಾಸಿನಲ್ಲಿ, ಒಂದು ರಾತ್ರೀಲಿ ಎಲ್ಲಿ ಹಾರುತ್ತೆ? ಹಾರಲ್ಲ ಅಂತಲೇ ಉತ್ತರ ಪ್ರದೇಶದ ಕನೌಜಿನವರು ಗುಲಾಬಿ, ಕೇದಗೆಯ ಆವಿಯನ್ನು ಗಂಧದೆಣ್ಣೆಗೆ ಇಳಿಸಿ ಅತ್ತರು ಮಾಡೋದು. 1 ಮಿ.ಲೀ. ಎಣ್ಣೆಗೆ 70% ಆಲ್ಕೋಹಾಲ್ 5 ಮಿ.ಲೀ. ಹಾಕಿ, 20 ಡಿಗ್ರಿಯಲ್ಲಿ. ತಿಳಿಯಾಗಿದ್ದರೆ ಸರಿ, ಬೆಳ್ಳಗೆ ಒಡೆದರೆ ಬೇರೆ ಎಣ್ಣೆ ಸೇರಿದೆ.

ಪರಿಮಳಪ್ರಿಯ: ಹರಳೆಣ್ಣೆ ಬೆರೆಸಿದ್ದೂ ಸ್ಪಿರಿಟ್‌ನಲ್ಲಿ ತಿಳಿಯಾಗೇ ಕರಗುತ್ತೆ ಸ್ವಾಮಿ. ಪುಸ್ತಕದ ಬದನೆಕಾಯಿ.

ಬಟ್ಟಿಮನೆ: 'ಸ್ಪಿರಿಟ್' ಎಷ್ಟರದ್ದು? 90ರದ್ದಾದರೆ ಹರಳೆಣ್ಣೆಯೂ ಕರಗುತ್ತೆ, ಕೊಬ್ಬರಿ ಎಣ್ಣೆ ಥರ ಅಲ್ಲ ಅದು. ಅದಕ್ಕೇ 70 ಅಂದಿದ್ದು. 95ರ ಎಥನಾಲ್ 70 ಮಿ.ಲೀ. ಅಳೆದು, ನೀರು ಸೇರಿಸಿ 95 ಮಿ.ಲೀ.ಗೆ ತನ್ನಿ. ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಸುರಿದು ಪರೀಕ್ಷೆ ಸುಳ್ಳು ಅನ್ನಬೇಡಿ.

ಜಿಸಿ_ಗಿರಾಕಿ: 70 ಅಂದರೆ ಸಾಕಾ? ಸುಗಂಧಗಳನ್ನು ತೆಳುವಾಗಿಸೋ ದ್ರಾವಕ ಡೈಪ್ರೊಪಿಲೀನ್ ಗ್ಲೈಕಾಲ್ ಬೆರೆತಿದ್ದರೆ ಅಲ್ಲೂ ತಿಳಿಯೇ. ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿ: ಬೆಳಕು ಎಷ್ಟು ಬಾಗುತ್ತೆ ಅನ್ನೋ ಅಂಕಿ ಗಂಧದೆಣ್ಣೆಗೆ 1.503ರಿಂದ 1.508, ಹರಳೆಣ್ಣೆಗೆ 1.48, ಗ್ಲೈಕಾಲ್‌ಗೆ 1.44. ಯಾವುದು ಬೆರೆತರೂ ಅಂಕಿ ಇಳಿಯುತ್ತೆ. ಸಿಂಥೆಟಿಕ್ ಹಿಡಿಯೋಕೆ ಮಾತ್ರ ಜಿಸಿಯೇ (ಗ್ಯಾಸ್ ಕ್ರೊಮ್ಯಾಟೋಗ್ರಫಿ, ಘಟಕಗಳನ್ನು ಬೇರ್ಪಡಿಸಿ ಅಳೆಯೋ ಲ್ಯಾಬ್ ಪರೀಕ್ಷೆ) ಬೇಕು. ಆಲ್ಫಾ ಸ್ಯಾಂಟಲಾಲ್ 41–55%, ಬೀಟಾ 16–24% ಇರಬೇಕು.

ವನಜಾ: ಕಲೆ ಹಾಳಾಗಲಿ, ಮುಖಕ್ಕೆ ನೇರವಾಗಿ ಹಚ್ಚಬಹುದಾ?

ಜಿಸಿ_ಗಿರಾಕಿ: ಬೇಡ ಮೇಡಂ. 10 ಮಿ.ಲೀ. ಎಳ್ಳೆಣ್ಣೆಗೆ ಮೂರು ನಾಲ್ಕು ಹನಿ. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ, ಕೆಂಪಾದರೆ ಬಿಟ್ಟುಬಿಡಿ.

ಪರಿಮಳಪ್ರಿಯ: ಆಸ್ಟ್ರೇಲಿಯಾದ ಎಣ್ಣೆಯಲ್ಲಿ 41 ಎಲ್ಲಿದೆ? ಹಾಗಾದರೆ ಅದೆಲ್ಲ ಕಲಬೆರಕೆನಾ?

ಜಿಸಿ_ಗಿರಾಕಿ: ಅದು ಬೇರೆ ಮರ ರೀ, ಸ್ಯಾಂಟಲಮ್ ಸ್ಪೈಕೇಟಮ್. ಸ್ಯಾಂಟಲಾಲ್ ಕಡಿಮೆ, ಫಾರ್ನೆಸಾಲ್ ಅನ್ನೋ ಇನ್ನೊಂದು ಘಟಕ ಎದ್ದು ಕಾಣುತ್ತೆ. ಅದರ ಹೆಸರಲ್ಲೇ ಮಾರಿದರೆ ತಕರಾರಿಲ್ಲ. ಮೈಸೂರು ಅಂತ ಲೇಬಲ್ ಅಂಟಿಸಿದರೆ ಮೋಸ.

ಬಟ್ಟಿಮನೆ: 'ಬೇರೆ ಮರ' ಅನ್ನೋದು ಅರ್ಧ ಸತ್ಯ. ಪಶ್ಚಿಮ ಆಸ್ಟ್ರೇಲಿಯಾದ ಕುನನುರಾದಲ್ಲಿ ನಮ್ಮ ಗಂಧದ ಮರದ, ಅಂದರೆ ಸ್ಯಾಂಟಲಮ್ ಆಲ್ಬಮ್ ಜಾತಿಯ ತೋಪುಗಳೇ ಇವೆ. ಇನ್ನು ಅಪ್ಪಟ ಆಲ್ಬಮ್‌ನಲ್ಲೂ ಸ್ಯಾಂಟಲಾಲ್ ಅಂಕಿ ಇಳಿಯುತ್ತೆ. ಎಳೆ ಮರದ ಚೇಗು ಹಾಕಿದರೆ ಒಂದು. ಎರಡು ಮೂರು ದಿನ ಓಡಬೇಕಾದ ಬಟ್ಟಿಯನ್ನು ಸೌದೆ ಉಳಿಸೋಕೆ ಮೊದಲೇ ಇಳಿಸಿದರೆ ಇನ್ನೊಂದು. ಮೊದಲು ಬರೋದು ಹಗುರ ಘಟಕ ಸ್ಯಾಂಟಲೀನ್, ಸ್ಯಾಂಟಲಾಲ್ ಹಿಂದೆ. ಪುಡಿ ತೀರಾ ನುಣ್ಣಗಿದ್ದರೂ ಕಷ್ಟ, ಗಟ್ಟಿ ಕೂತು ಹಬೆ ಒಂದೇ ಸಂದಿಯಲ್ಲಿ ನುಗ್ಗುತ್ತೆ, ಉಳಿದ ಪುಡಿಯಲ್ಲಿ ಎಣ್ಣೆ ಹಾಗೇ ಉಳೀತದೆ.

ಪರಿಮಳಪ್ರಿಯ: 'ಅಪ್ಪಟದಲ್ಲೂ ಇಳಿಯುತ್ತೆ'. ನೀವೇ ಅಂದ್ರಲ್ಲ! ಮತ್ತೆ ಜಿಸಿಗೆ ದುಡ್ಡು ಸುರಿಯೋದ್ಯಾಕೆ? ನನ್ನ ಪೇಪರೇ ವಾಸಿ.

ಬಟ್ಟಿಮನೆ: ಪೇಪರೇ ಬೇಕಂದ್ರೆ ನೆಟ್ಟಗೆ ಮಾಡಿ. ಒಂದೇ ಹಾಳೆ ಮೇಲೆ ಮೂರು ಹನಿ: ಬರೀ ಹರಳೆಣ್ಣೆ, ಗೊತ್ತಿರೋ ಅಸಲಿ, ಅನುಮಾನದ್ದು. ವಾರ ಬಿಟ್ಟು ಬೆಳಕಿಗೆ ಹಿಡಿದು ಹೋಲಿಸಿ. ಒಂದೇ ಹನಿ ಇಟ್ಟು 'ಮುಗೀತು' ಅಂದೋರು ನೀವು.

ಪರಿಮಳಪ್ರಿಯ: ಅಸಲಿ ಕೈಲಿದ್ದ ಮೇಲೆ ಪರೀಕ್ಷೆ ಯಾರಿಗೆ ಬೇಕು?

ಜಿಸಿ_ಗಿರಾಕಿ: ಮುಂದಿನ ಸೀಸೆ ಕೊಳ್ಳೋನಿಗೆ ಬೇಕು. ಅಸಲಿದು ಅರ್ಧ ಮಿ.ಲೀ. ಕಂದು ಸೀಸೆಯಲ್ಲಿ, ಬೆಳಕು ಬೀಳದ ಕಡೆ ತೆಗೆದಿಡಿ.