ಡಿಸ್ಕ್ ಗಾಲ್ಫ್: ಪದವಿನ ಮೇಲೆ ಎಷ್ಟು ತಟ್ಟೆಗಳನ್ನು ಹೊರಬೇಕು?

ಪ್ರಶ್ನೆ: ಪೆರ್ಲದವ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಪೆರ್ಲದ ಸಮೀಪ ನಮ್ಮ ಮನೆಯ ಗೇರುಗುಡ್ಡೆಯಲ್ಲಿ ಮತ್ತು ಅದಕ್ಕೆ ತಾಗಿದ ಪದವಿನಲ್ಲಿ (ಕಲ್ಲಿನ ಬೋಳು ಬಯಲಿನಲ್ಲಿ) ನಾವು ಐದು ಮಂದಿ ಒಂದು ವರ್ಷದಿಂದ ಡಿಸ್ಕ್ ಗಾಲ್ಫ್, ಎಂದರೆ ಫ್ರಿಸ್ಬಿಯಂಥ ತಟ್ಟೆಯನ್ನು ಆದಷ್ಟು ಕಡಿಮೆ ಎಸೆತಗಳಲ್ಲಿ ಗುರಿಗೆ ತಲುಪಿಸುವ ಆಟ, ಆಡುತ್ತಿದ್ದೇವೆ. ಪದವಿನ ಮಾಲೀಕರ ಒಪ್ಪಿಗೆ ಪಡೆದಿದ್ದೇವೆ. ಸೈಕಲ್ ರಿಮ್ಮಿಗೆ ಸರಪಳಿ ತೂಗುಹಾಕಿ ವೆಲ್ಡಿಂಗ್ ಮಾಡಿಸಿದ ಎರಡು ಬಾಸ್ಕೆಟ್‌ಗಳಿವೆ, ಉಳಿದ ಗುರಿಗಳೆಲ್ಲ ಕಲ್ಲುಕಂಬ ಅಥವಾ ಮರದ ಬೊಡ್ಡೆಗಳು. ಒಂಬತ್ತು ಗುರಿಗಳನ್ನು ಎರಡು ಸುತ್ತು ಆಡಿ ಹದಿನೆಂಟು ಮಾಡಿಕೊಳ್ಳುತ್ತೇವೆ.

ನನ್ನ ಸಂದೇಹ ಚೀಲದ ಭಾರದ ಕುರಿತಾದದ್ದು. ಹೊರದೇಶದಲ್ಲಿರುವ ನನ್ನ ತಮ್ಮನು ಊರಿಗೆ ಬರುವಾಗಲೆಲ್ಲ ತಟ್ಟೆಗಳನ್ನು ತಂದುಕೊಟ್ಟು, ಈಗ ನನ್ನ ಬಳಿ ಹದಿನೆಂಟು ಆಗಿವೆ. ಯಾವುದನ್ನು ಬಿಟ್ಟು ಹೋದರೂ ಅದೇ ಬೇಕಾದೀತೆಂಬ ಅಂಜಿಕೆಯಿಂದ ಎಲ್ಲವನ್ನೂ ಹೊರುತ್ತೇನೆ. ಕಳೆದ ವಾರ ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದಾಗ, ತಟ್ಟೆಗಳು ಮೂರು ಕಿಲೋಗಿಂತ ಸ್ವಲ್ಪ ಹೆಚ್ಚು, ಚೀಲವೇ ಒಂದೂವರೆ ಕಿಲೋ, ನೀರು ಎರಡು ಲೀಟರ್, ಎಲ್ಲ ಸೇರಿ ಆರೂವರೆ ಕಿಲೋ ದಾಟಿತು. ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಬಲಗೈ ಸೋತಿರುತ್ತದೆ. ನನ್ನ ಎಸೆತ ಅಬ್ಬಬ್ಬಾ ಎಂದರೆ 60 ಮೀಟರ್. ಅನುಭವವಿರುವವರು ನಿಜವಾಗಿ ಎಷ್ಟು ಒಯ್ಯುತ್ತೀರಿ ಮತ್ತು ಏನನ್ನು ಬಿಡುತ್ತೀರಿ ಎಂದು ತಿಳಿಸಬೇಕಾಗಿ ವಿನಂತಿ.

ಉತ್ತರ: ಕುಂಬಳೆಯ ಮಾಷ್ಟ್ರು

ಮೊದಲಿಗೆ ನಿಯಮದ ಮಾತು. ಗಾಲ್ಫ್ ಆಟದಲ್ಲಿ ಒಬ್ಬ ಆಟಗಾರ 14 ದಾಂಡುಗಳಿಗಿಂತ ಹೆಚ್ಚು ಒಯ್ಯುವಂತಿಲ್ಲ. ಡಿಸ್ಕ್ ಗಾಲ್ಫಿನಲ್ಲಿ ಅಂಥ ಮಿತಿ ಇಲ್ಲದಿರುವುದರಿಂದ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು, ಮತ್ತು ಬಹಳ ಮಂದಿ ಹಾಕಿಕೊಳ್ಳುವುದಿಲ್ಲ. ಎಡ್ ಹೆಡ್ರಿಕ್ ಅವರು ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ 1975ರಲ್ಲಿ ಮೊದಲ ಸ್ಥಾಯಿ ಅಂಕಣವನ್ನು ರೂಪಿಸಿದಾಗ ಜನರು ಆಡುತ್ತಿದ್ದದ್ದು ಹಿಡಿದಾಟದ ಸಾಧಾರಣ ಫ್ರಿಸ್ಬಿಯಲ್ಲಿ. 1983ರಲ್ಲಿ ಡೇವ್ ಡನಿಪೇಸ್ ಅವರು ಅಂಚನ್ನು ಓರೆಯಾಗಿ ಚೂಪುಗೊಳಿಸಿದ ತಟ್ಟೆಯನ್ನು ತಂದ ಮೇಲೆ ಪಟರ್, ಮಿಡ್‌ರೇಂಜ್, ಫೇರ್‌ವೇ ಡ್ರೈವರ್, ಡಿಸ್ಟೆನ್ಸ್ ಡ್ರೈವರ್ ಎಂಬ, ಹತ್ತಿರದ ಎಸೆತದಿಂದ ತೊಡಗಿ ಅತಿ ದೂರದ ಎಸೆತದವರೆಗಿನ ಪಂಗಡಗಳು ಕ್ರಮೇಣ ಬೆಳೆದುಬಂದವು, ಅವುಗಳೊಂದಿಗೆ ಚೀಲಗಳೂ ಬೆಳೆದವು.

ನಿಮ್ಮ ಎಸೆತ 60 ಮೀಟರ್ ಎಂದು ನೀವು ಬರೆದ ಒಂದು ಸಾಲಿನಲ್ಲೇ ಉತ್ತರದ ಹೆಚ್ಚಿನ ಭಾಗ ಇದೆ. ತಟ್ಟೆಯ ಮೇಲೆ ಬರೆದಿರುವ ನಾಲ್ಕು ಸಂಖ್ಯೆಗಳಲ್ಲಿ ಮೊದಲನೆಯದು ವೇಗದ್ದು. ಅದು ತಟ್ಟೆ ತಾನಾಗಿ ಹೋಗುವ ವೇಗವಲ್ಲ, ಅದು ಸರಿಯಾಗಿ ಹಾರಬೇಕಿದ್ದರೆ ನಮ್ಮ ತೋಳು ಕೊಡಬೇಕಾದ ವೇಗದ ಅಂದಾಜು. ಇನ್ನೋವಾ ಕಂಪನಿಯ ಡೆಸ್ಟ್ರಾಯರ್ ಎಂಬ ತಟ್ಟೆಗೆ ವೇಗ 12, ಲೆಪರ್ಡಿಗೆ 6, ಪಟರ್ ಆದ ಏವಿಯರಿಗೆ 2. ನಮ್ಮ ತೋಳಿನಿಂದ ಹೊರಟ ಡೆಸ್ಟ್ರಾಯರ್ ಬೇಕಾದ ವೇಗ ಸಿಗದೆ ಬೇಗ ಎಡಕ್ಕೆ ವಾಲಿ ಬೀಳುತ್ತದೆ (ಬಲಗೈಯ ಬ್ಯಾಕ್‌ಹ್ಯಾಂಡ್ ಎಸೆತದಲ್ಲಿ), ಅದೇ ತೋಳಿನಿಂದ ಹೊರಟ ಲೆಪರ್ಡ್ ಅದರಷ್ಟೇ ದೂರಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಮುಂದಕ್ಕೆ, ನೆಟ್ಟಗೆ ಹೋಗುತ್ತದೆ. ಆದ್ದರಿಂದ ವೇಗ 9ಕ್ಕಿಂತ ಮೇಲಿನ ಎಲ್ಲವನ್ನೂ ಮನೆಯ ಅಟ್ಟದಲ್ಲಿ ಇಡಿ.

ಉಳಿದವುಗಳಿಗೆ ನಾನು ಮಕ್ಕಳಿಂದ ಮಾಡಿಸುತ್ತಿದ್ದ ಒಂದು ಪರೀಕ್ಷೆ ಇದೆ. ಗಾಳಿ ಇಲ್ಲದ ಬೆಳಗ್ಗೆ ಒಂದೇ ಜಾಗದಲ್ಲಿ ನಿಂತು ಪ್ರತಿಯೊಂದು ತಟ್ಟೆಯನ್ನು ಹತ್ತು ಸಲ ಎಸೆಯಿರಿ, ಬಿದ್ದಲ್ಲೆಲ್ಲ ಒಂದೊಂದು ಕಲ್ಲು ಇಡಿ, ಒಂದು ತಟ್ಟೆಗೆ ಒಂದು ಬಗೆಯ ಗುರುತು ಇರಲಿ. ಎರಡು ತಟ್ಟೆಗಳ ಕಲ್ಲುಗಳು ಒಂದರೊಳಗೊಂದು ಬೆರೆತರೆ, ಅವುಗಳ ಮೇಲೆ ಯಾವ ಸಂಖ್ಯೆ ಬರೆದಿದ್ದರೂ, ನಿಮ್ಮ ಪಾಲಿಗೆ ಅವೆರಡೂ ಒಂದೇ. ಕೈಗೆ ಹೆಚ್ಚು ಒಗ್ಗಿದ್ದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯಿರಿ. ಹದಿನೆಂಟರಲ್ಲಿ ಮೂರೋ ನಾಲ್ಕೋ ಉಳಿದರೆ ಆಶ್ಚರ್ಯಪಡಬೇಡಿ. ನನ್ನ ಚೀಲದಲ್ಲಿ ಇರುವುದು ಒಂದು ಪಟರ್, ಡಿಸ್ಕ್ರಾಫ್ಟ್ ಕಂಪನಿಯ ಬಜ್ ಎಂಬ ಒಂದು ಮಿಡ್‌ರೇಂಜ್ ಮತ್ತು ಒಂದು ಲೆಪರ್ಡ್. ಇಷ್ಟರಲ್ಲೇ ಆರು ವರ್ಷ ಆಡಿದ್ದೇನೆ.

ಕೈ ಸೋಲುವುದಕ್ಕೆ ಭಾರಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಒಂದು ಗುರಿಗೆ ಸರಾಸರಿ ಮೂರು ಎಸೆತವೆಂದು ಲೆಕ್ಕ ಹಾಕಿದರೂ ಹದಿನೆಂಟು ಗುರಿಗಳಿಗೆ 54 ಸಲ ನೀವು ಚೀಲವನ್ನು ಇಳಿಸಿ ಮತ್ತೆ ಹೆಗಲಿಗೇರಿಸುತ್ತೀರಿ, ಅದೂ ಎಸೆಯುವ ಕೈಯಿಂದಲೇ. ಅರ್ಧ ಅಡಿಕೆ ಮೂಟೆಯಷ್ಟಿಲ್ಲದ ಭಾರವಾದರೂ 54 ಸಲ ಎತ್ತಿದರೆ ಹೆಗಲು ಸುಮ್ಮನಿರುವುದಿಲ್ಲ. ಮೂರು ತಟ್ಟೆಗಳಾದರೆ ಅರ್ಧ ಕಿಲೋ, ಎಡಗೈಯಲ್ಲೇ ಹಿಡಿದುಕೊಂಡು ನಡೆಯಬಹುದು.

ಉತ್ತರ: ಮುಳ್ಳೇರಿಯ ೭೭

ಮಾಷ್ಟ್ರು ಹೇಳಿದ ಪರೀಕ್ಷೆ ಸರಿಯಾದದ್ದೇ. ಆದರೆ ಗಾಳಿ ಇಲ್ಲದ ಬೆಳಗಿನ ಪರೀಕ್ಷೆಯಿಂದ ಸಿಗುವುದು ಬೆಳಗಿನ ಚೀಲ ಮಾತ್ರ ಎಂದು ವಿನಯದಿಂದ ಸೇರಿಸಬಯಸುತ್ತೇನೆ. ನಾನು ಕೆಲಸದ ನಿಮಿತ್ತ ಫಿನ್ಲೆಂಡಿನ ತಾಂಪೆರೆಯಲ್ಲಿ ನಾಲ್ಕು ವರ್ಷ ಇದ್ದೆ. ಆ ದೇಶದಲ್ಲಿ ನೂರಾರು ಅಂಕಣಗಳಿವೆ, ಆಟಗಾರರು ಇಪ್ಪತ್ತು ತಟ್ಟೆಗಳ ಬೆನ್ನುಚೀಲ ಹೊರುವುದೂ ಎರಡು ಚಕ್ರದ ಗಾಡಿ ಎಳೆಯುವುದೂ ಸಾಮಾನ್ಯ. ಅಲ್ಲಿ ಅದಕ್ಕೆ ಕಾರಣಗಳಿವೆ. ಚಳಿಗೆ ಪ್ಲಾಸ್ಟಿಕ್ ಗಡುಸಾಗಿ ಹಿಡಿತ ಬದಲಾಗುತ್ತದೆ, ಕಾಡಿನ ನಡುವಿನ ಇಕ್ಕಟ್ಟಿನ ಹಾದಿಗೂ ಬಯಲಿನ ಉದ್ದ ಎಸೆತಕ್ಕೂ ಬೇರೆ ಬೇರೆ ತಟ್ಟೆಗಳು ಬೇಕಾಗುತ್ತವೆ. ಊರಿಗೆ ಬಂದ ಮೇಲೆ ಅದೇ ಚೀಲವನ್ನು ಮುಳ್ಳೇರಿಯದ ಗುಡ್ಡ ಹತ್ತಿಸಿ, ಎರಡೇ ವಾರಗಳಲ್ಲಿ ಏಳು ತಟ್ಟೆಗಳಿಗೆ ಇಳಿಸಿದೆ. ಅದಕ್ಕಿಂತ ಕೆಳಗೆ ಇಳಿಸಲು ಗಾಳಿ ಬಿಡಲಿಲ್ಲ.

ನಮ್ಮ ಪದವುಗಳಲ್ಲಿ ಮರವಿಲ್ಲ, ತಡೆಯಿಲ್ಲ, ಮಧ್ಯಾಹ್ನದ ನಂತರ ಪಡುವಣದಿಂದ ಕಡಲ ಗಾಳಿ ಬೀಸಲು ತೊಡಗಿದರೆ ಬೆಳಗ್ಗೆ ನೆಟ್ಟಗೆ ಹೋಗುತ್ತಿದ್ದ ತಟ್ಟೆ ಬೇರೆಯದೇ ಆಗುತ್ತದೆ. ಎದುರುಗಾಳಿಯಲ್ಲಿ ತಟ್ಟೆಗೆ ತಾಗುವ ಗಾಳಿಯ ವೇಗ ಹೆಚ್ಚುವುದರಿಂದ ಲೆಪರ್ಡಿನಂಥದ್ದು ಬಲಕ್ಕೆ ಮಗುಚಿಕೊಂಡು ಹೋಗಿ ನೆಲಕ್ಕೆ ಉರುಳುತ್ತದೆ. ಹಿಂಗಾಳಿಯಲ್ಲಿ ಇದಕ್ಕೆ ವಿರುದ್ಧವಾಗಿ, ಅದು ತೇಲುವುದನ್ನು ಬಿಟ್ಟು ಬೇಗ ಎಡಕ್ಕೆ ಇಳಿಯುತ್ತದೆ. ಆದ್ದರಿಂದ ಪಡುವಣಕ್ಕೆ ಮುಖಮಾಡಿ ಎಸೆಯುವ ಗುರಿ ಒಂದಿದ್ದರೂ ಗಾಳಿಗೆ ಮಣಿಯದ ಒಂದು ತಟ್ಟೆ ಬೇಕೇ ಬೇಕು. ನಾನು ಫೈರ್‌ಬರ್ಡ್ ಒಯ್ಯುತ್ತೇನೆ. ಅದರ ವೇಗ 9 ಮತ್ತು ಕೊನೆಯ ಸಂಖ್ಯೆ 4, ಎಂದರೆ ಎಡಕ್ಕೆ ತಿರುಗಿಯೇ ತಿರುಗುತ್ತದೆ. ನಿಮ್ಮ ತೋಳಿಗೆ ಅದು ಭಾರವೆನಿಸಿದರೆ ರಾಕ್ 3ರಂಥ ಮಿಡ್‌ರೇಂಜ್ ಅದೇ ಕೆಲಸವನ್ನು ಕಡಿಮೆ ದೂರದಲ್ಲಿ ಮಾಡಿಕೊಡುತ್ತದೆ.

ಇನ್ನೊಂದು ಮಾತು ನಮ್ಮ ಮುರಕಲ್ಲಿನದ್ದು, ಎಂದರೆ ಜಂಬಿಟ್ಟಿಗೆಯದ್ದು. ಮುರಕಲ್ಲು ತಟ್ಟೆಯ ಅಂಚನ್ನು ಅರದಂತೆ ಉಜ್ಜುತ್ತದೆ. ಅಗ್ಗದ ಪ್ಲಾಸ್ಟಿಕ್ಕಿನ ತಟ್ಟೆಯ ಅಂಚು ಕೆಲವೇ ತಿಂಗಳಲ್ಲಿ ಬಿರುಸಾಗಿ, ಎಡಕ್ಕೆ ತಿರುಗುವ ಗುಣ ಕಡಿಮೆಯಾಗುತ್ತ ಬಂದು, ಕೊನೆಗೆ ಅದು ಬಲಕ್ಕೆ ವಾಲತೊಡಗುತ್ತದೆ. ಇದನ್ನು ನಷ್ಟವೆಂದು ಬಗೆಯದೆ, ಒಂದೇ ಅಚ್ಚಿನ ಒಂದು ಹೊಸದು ಮತ್ತು ಒಂದು ಸವೆದದ್ದನ್ನು ಒಟ್ಟಿಗೆ ಒಯ್ದರೆ, ಕೈಗೆ ಒಂದೇ ಹಿಡಿತ, ಹಾರಾಟಕ್ಕೆ ಎರಡು ದಾರಿ. ನನ್ನ ಏಳರಲ್ಲಿ ಎರಡು ರಾಕ್ 3 ಇರುವುದು ಈ ಕಾರಣಕ್ಕೆ. ಅಂಚು ಒಡೆದು ಸೀಳು ಬಿಟ್ಟದ್ದನ್ನು ಮಾತ್ರ ಚೀಲದಿಂದ ತೆಗೆದುಬಿಡಿ, ಸ್ಪರ್ಧೆಯ ನಿಯಮವೂ ಅದನ್ನು ಒಪ್ಪುವುದಿಲ್ಲ, ಕೈಗೂ ಗಾಯವಾಗುತ್ತದೆ.

ಪಟರ್ ಎರಡು ಇರಲಿ, ಒಂದೇ ಅಚ್ಚಿನವು. ಬೇರೆ ಯಾವ ತಟ್ಟೆ ಕಳೆದುಹೋದರೂ ಆಟ ಮುಂದುವರಿಯುತ್ತದೆ. ಪಟರ್ ಕೋರೆಯ ಹೊಂಡಕ್ಕೆ ಬಿದ್ದರೆ ಅಂದಿನ ಲೆಕ್ಕ ಮುಗಿಯಿತು. ಹಾಗೆ ಬಿದ್ದದ್ದನ್ನು ತೆಗೆಯಲು ಕಲ್ಲುಕೋರೆಗೆ ಇಳಿಯುವ ಸಾಹಸ ಮಾತ್ರ ಯಾರೂ ಮಾಡಬಾರದು. ಕಡಿದು ಬಿಟ್ಟ ಕೋರೆಯಲ್ಲಿ ನಿಂತ ನೀರಿನ ಆಳ ಮೇಲಿನಿಂದ ತಿಳಿಯುವುದಿಲ್ಲ.

ಉತ್ತರ: ನೀರ್ಚಾಲಿನ ಅಕ್ಕ

ಇಬ್ಬರೂ ತಟ್ಟೆಗಳ ಕುರಿತೇ ಬರೆದಿದ್ದೀರಿ. ಚೀಲದಲ್ಲಿ ತಟ್ಟೆಯಲ್ಲದ ವಸ್ತುಗಳೂ ಇರುತ್ತವೆ, ಮತ್ತು ನಮ್ಮ ಊರಿನಲ್ಲಿ ಆಟ ನಿಲ್ಲುವುದು ಹೆಚ್ಚಾಗಿ ಅವುಗಳ ಕೊರತೆಯಿಂದ. ನಾನು ಇಬ್ಬರು ಮಕ್ಕಳೊಂದಿಗೆ ಆಡುವವಳು, ಆದ್ದರಿಂದ ಮೂವರ ಸಾಮಾನನ್ನು ಹೊರುವ ಅನುಭವ ನನಗಿದೆ.

ಮಳೆಗಾಲದಲ್ಲಿ ಆಡುವುದಾದರೆ ಬೈರಾಸು ಎರಡು ಬೇಕು. ಒಂದು ತಟ್ಟೆ ಒರಸಲು ಚೀಲದ ಹೊರಗೆ ನೇತಾಡಲಿ, ಇನ್ನೊಂದು ಪ್ಲಾಸ್ಟಿಕ್ ತೊಟ್ಟೆಯೊಳಗೆ ಒಣಗಿದ್ದೇ ಇರಲಿ. ಒದ್ದೆ ತಟ್ಟೆ ಕೈಯಿಂದ ಜಾರಿ ಪಕ್ಕದವರ ಕಡೆಗೆ ಹಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಪ್ಪ ಟರ್ಕಿ ಟವೆಲಿಗಿಂತ ತೆಳುವಾದ ತೋರ್ತು ಒಳ್ಳೆಯದು, ಹಿಂಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ ಮತ್ತು ಭಾರವೇ ಇಲ್ಲ. ಪದವಿನ ಕಲ್ಲು ಮಳೆಗೆ ಹಾವಸೆ ಹಿಡಿದಿರುವುದರಿಂದ ಹಿಡಿತವಿರುವ ಶೂ ಹಾಕದೆ ಓಡಿ ಎಸೆಯಬಾರದು. ತುಲಾ ತಿಂಗಳಿನ ಗುಡುಗಿನ ಮಳೆಯ ದಿನಗಳಲ್ಲಂತೂ ಮೊದಲ ಗುಡುಗು ಕೇಳಿದೊಡನೆ ಬೋಳು ಪದವಿನಿಂದ ಇಳಿದುಬಿಡಿ, ಕೊಡೆ ಹಿಡಿದು ಅಲ್ಲೇ ನಿಲ್ಲಬೇಡಿ.

ಬೇಸಿಗೆಯಲ್ಲಿ ಎರಡು ಲೀಟರ್ ನೀರನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ಹತ್ತು ಗಂಟೆಯ ನಂತರ ಮುರಕಲ್ಲಿನ ಕಾವು ಮೇಲಿನಿಂದಲೂ ಕೆಳಗಿನಿಂದಲೂ ಬರುತ್ತದೆ. ನೀವು ಎರಡು ಸುತ್ತು ಆಡುವವರಾದ್ದರಿಂದ, ಒಂದು ಲೀಟರನ್ನು ಒಂಬತ್ತನೆಯ ಗುರಿಯ ಬಳಿ ನೆರಳಿನಲ್ಲಿ ಮೊದಲೇ ಇಟ್ಟುಬಿಟ್ಟರೆ ಹೆಗಲಿನ ಮೇಲೆ ಒಂದು ಕಿಲೋ ಇಳಿಯುತ್ತದೆ. ನಾವು ಉಪ್ಪು ಹಾಕಿದ ಮಜ್ಜಿಗೆ ನೀರನ್ನು ಹೀಗೆಯೇ ಇಡುತ್ತೇವೆ.

ಬಣ್ಣದ ವಿಷಯವನ್ನು ಯಾರೂ ಹೇಳಲಿಲ್ಲ. ಸ್ಪರ್ಧೆಯಲ್ಲಿ ಕಳೆದ ತಟ್ಟೆಯನ್ನು ಹುಡುಕಲು ಮೂರು ನಿಮಿಷ ಮಾತ್ರ ಅವಕಾಶ, ಮುಳಿಹುಲ್ಲು ಎದೆಯುದ್ದ ಬೆಳೆದಾಗ ಆ ಮೂರು ನಿಮಿಷ ಏನೇನೂ ಸಾಲದು. ಹಸಿರು ತಟ್ಟೆ ಮಳೆಗಾಲದ ಆಟಿ ತಿಂಗಳಲ್ಲಿ ಕಾಣುವುದಿಲ್ಲ, ಕಿತ್ತಳೆ ಬಣ್ಣದ್ದು ಗೇರಿನ ತರಗೆಲೆಗಳ ನಡುವೆ ಕಾಣುವುದಿಲ್ಲ. ಗುಲಾಬಿ ಮತ್ತು ಕಡುನೀಲಿ ವರ್ಷವಿಡೀ ಕಾಣುತ್ತವೆ. ತಟ್ಟೆ ಕಳೆದುಹೋಗದಿದ್ದರೆ ಬದಲಿ ತಟ್ಟೆಗಳನ್ನು ಹೊರುವ ಅಗತ್ಯವೂ ಇಲ್ಲ, ಆದ್ದರಿಂದ ಹದಿನೆಂಟರಲ್ಲಿ ಆರಿಸುವಾಗ ಬಣ್ಣವನ್ನೂ ನೋಡಿ. ಅಡಿಯಲ್ಲಿ ಅಳಿಯದ ಶಾಯಿಯಿಂದ ಹೆಸರು ಮತ್ತು ದೂರವಾಣಿ ಸಂಖ್ಯೆ ಬರೆದಿರಲಿ. ಹುಲ್ಲು ಸರಿಸಲು ಒಂದು ಬೆತ್ತ ಕೈಯಲ್ಲಿರಲಿ, ಹಾವಿನ ಭಯವಿರುವಲ್ಲಿ ಕೈ ಹಾಕಿ ಹುಡುಕಬಾರದು. ಗೇರುಮರದಲ್ಲಿ ಸಿಕ್ಕಿಕೊಂಡದ್ದನ್ನು ನಾವು ತೋಟದ ದೋಟಿಯಿಂದಲೇ ಇಳಿಸುತ್ತೇವೆ, ಅದನ್ನು ಹೊರಬೇಕಾಗಿಲ್ಲ, ಗುಡ್ಡೆಯ ಬದಿಯಲ್ಲಿ ಒಂದು ಇಟ್ಟಿದ್ದರಾಯಿತು.

ಮಕ್ಕಳಿಗೆ 150 ಗ್ರಾಂ ಆಸುಪಾಸಿನ ತಟ್ಟೆಗಳನ್ನು ಕೊಡಿ. ಅವರಿಗೆ ಒಂದು ಪಟರ್ ಮತ್ತು ಒಂದು ಮಿಡ್‌ರೇಂಜ್ ಧಾರಾಳ ಸಾಕು.

ಉತ್ತರ: ಕುಂಬಳೆಯ ಮಾಷ್ಟ್ರು

ಅಕ್ಕ ಹೇಳಿದ ಬೆತ್ತ ಮತ್ತು ಬಣ್ಣದ ಮಾತನ್ನು ನಾನು ಮೊದಲೇ ಬರೆಯಬೇಕಿತ್ತು. ಮುಳ್ಳೇರಿಯದವರ ಗಾಳಿಯ ಮಾತನ್ನೂ ಒಪ್ಪುತ್ತೇನೆ. ನಾನು ಬೆಳಗ್ಗೆ ಆರೂವರೆಗೆ ಹೊರಟು ಒಂಬತ್ತಕ್ಕೆ ಮನೆ ಸೇರುವವನು, ಆದ್ದರಿಂದ ನನ್ನ ಮೂರು ತಟ್ಟೆಗಳ ಲೆಕ್ಕ ಆ ಹೊತ್ತಿಗೆ ಮಾತ್ರ ಸಲ್ಲುತ್ತದೆ.

ಒಂದು ಸಣ್ಣ ವಸ್ತು ಬಿಟ್ಟುಹೋಗಿದೆ. ಕಡಿಮೆ ತಟ್ಟೆಗಳಲ್ಲಿ ಆಡುವವರಿಗೆ ಗುರುತಿನ ಮಿನಿ ತಟ್ಟೆ (ತಟ್ಟೆ ಬಿದ್ದ ಜಾಗವನ್ನು, ಎಂದರೆ ಮುಂದಿನ ಎಸೆತದ ಜಾಗವನ್ನು, ಗುರುತಿಸುವ ಪುಟ್ಟ ತಟ್ಟೆ) ಅನಿವಾರ್ಯ. ಬಿದ್ದ ತಟ್ಟೆಯನ್ನೇ ಗುರುತಾಗಿ ಬಿಟ್ಟು ಅದರ ಹಿಂದಿನಿಂದ ಇನ್ನೊಂದನ್ನು ಎಸೆಯಲು ನಿಯಮದಲ್ಲಿ ಅವಕಾಶವಿದ್ದರೂ, ಬಿದ್ದಿರುವುದೇ ನಿಮಗೆ ಮತ್ತೆ ಬೇಕಾದ ತಟ್ಟೆಯಾಗಿದ್ದರೆ ಅದರ ಮುಂಭಾಗಕ್ಕೆ ತಾಗುವಂತೆ ಮಿನಿಯನ್ನು ಇಟ್ಟು ಅದನ್ನು ಎತ್ತಿಕೊಳ್ಳಬೇಕಾಗುತ್ತದೆ. ಮಿನಿಯ ಅಗಲ 7ರಿಂದ 15 ಸೆಂಟಿಮೀಟರ್ ಒಳಗೆ, ಎತ್ತರ 3 ಸೆಂಟಿಮೀಟರ್ ಮೀರದಂತೆ ಇರಬೇಕು. ಮನೆಯವರೊಳಗಿನ ಆಟಕ್ಕೆ ಉಪ್ಪಿನಕಾಯಿ ಭರಣಿಯ ಪ್ಲಾಸ್ಟಿಕ್ ಮುಚ್ಚಳವೂ ಆಗುತ್ತದೆ. ಅಂಗಿಯ ಕಿಸೆಯಲ್ಲಿ ಹಿಡಿಯುವ ಈ ಒಂದು ವಸ್ತು ಎರಡು ಮೂರು ತಟ್ಟೆಗಳ ಭಾರವನ್ನು ತಪ್ಪಿಸುತ್ತದೆ.

ಮರುಬರಹ: ಪೆರ್ಲದವ

ಮಾಷ್ಟ್ರಿಗೂ, ಮುಳ್ಳೇರಿಯದ ಅಣ್ಣನಿಗೂ, ನೀರ್ಚಾಲಿನ ಅಕ್ಕನಿಗೂ ಮನಸಾರೆ ಕೃತಜ್ಞತೆಗಳು. ಕಳೆದ ಎರಡು ಬೆಳಗ್ಗೆ ಕಲ್ಲಿನ ಪರೀಕ್ಷೆ ಮಾಡಿದೆ. ನನ್ನ ಆರು ಡಿಸ್ಟೆನ್ಸ್ ಡ್ರೈವರ್‌ಗಳ ಕಲ್ಲುಗಳೂ ಲೆಪರ್ಡಿನ ಕಲ್ಲುಗಳೂ ಒಂದೇ ರಾಶಿಯಾದವು, ಅದರಲ್ಲಿಯೂ ಅತ್ಯಂತ ಮುಂದೆ ಇದ್ದ ಎರಡು ಕಲ್ಲುಗಳು ಲೆಪರ್ಡಿನವು. ತಮ್ಮನು ಪ್ರೀತಿಯಿಂದ ತಂದುಕೊಟ್ಟವುಗಳನ್ನು ಬಿಡಲು ಮನಸ್ಸಿಗೆ ಕಷ್ಟವಾದರೂ ಅವನ್ನು ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಸೇರಿಸಿದ್ದೇನೆ.

ಈಗ ಚೀಲದಲ್ಲಿ ಉಳಿದಿರುವುದು ಎರಡು ಪಟರ್, ಒಂದು ಬಜ್, ಒಂದು ಗುಲಾಬಿ ಲೆಪರ್ಡ್, ಮಧ್ಯಾಹ್ನದ ಗಾಳಿಗೆ ಒಂದು ರಾಕ್ 3. ಒಟ್ಟು ಐದು. ದೊಡ್ಡ ಚೀಲದ ಬದಲು ಮಗಳ ಹಳೆಯ ಶಾಲೆಯ ಚೀಲ ಸಾಕಾಯಿತು. ಒಂದು ಲೀಟರ್ ನೀರು ಮತ್ತು ತೋರ್ತು ಸೇರಿಸಿ ನಿನ್ನೆ ತೂಗಿದಾಗ ತಕ್ಕಡಿ ಎರಡು ಕಿಲೋ ಮುನ್ನೂರು ತೋರಿಸಿತು. ಇನ್ನೊಂದು ಲೀಟರ್ ಒಂಬತ್ತನೆಯ ಗುರಿಯ ಬಳಿ ಇರುವ ಗೇರುಮರದ ಬುಡದಲ್ಲಿದೆ.